ಮಡುವಿನ ದಡದಲ್ಲಿ ನೆಲಕ್ಕಿಟ್ಟ ಗಾಳದ ಕೋಲು

ಗೊರೂರಿಗೂ ಹೊಳೆನರಸೀಪುರಕ್ಕೂ ನಡುವೆ ಹೇಮಾವತಿ ಒಂದು ಕಡೆ ಬಳುಕಿ ತಿರುಗುತ್ತದೆ. ಅಲ್ಲೊಂದು ಮಡು. ಅದರ ತಳದಲ್ಲಿ ಬಾಳೆಮೀನುಗಳಿವೆಯೆಂದು ನನಗೆ ಗೊತ್ತಿತ್ತು. ಆದರೆ ಒಂದು ಇಡೀ ಬೇಸಿಗೆ ಒಂದೂ ನನ್ನ ಗಾಳಕ್ಕೆ ಬಿದ್ದಿರಲಿಲ್ಲ.

ನಾನು ಹಾಸನದಲ್ಲಿ ಸರ್ಕಾರಿ ನೌಕರ. ಊರು ಹಳ್ಳಿಮೈಸೂರಿನ ಹತ್ತಿರ. ಅಪ್ಪ, ತಮ್ಮ ಅಲ್ಲೇ ಹೊಲ ಮಾಡುತ್ತಾರೆ. ಎರೆಹುಳು ಚುಚ್ಚುವ ಗಾಳ ಬಿಟ್ಟು ನಾನು ಫ್ಲೈ ಫಿಶಿಂಗಿನ ಹಿಂದೆ ಬಿದ್ದಿದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ಗಾಳದ ಕೊಕ್ಕೆಗೆ ಕೋಳಿಪುಕ್ಕ, ದಾರ ಸುತ್ತಿ ಮರಿಮೀನಿನಂತೆ ಮಾಡುತ್ತಿದ್ದೆ. ಅದಕ್ಕೆ ಸ್ಟ್ರೀಮರ್ ಎನ್ನುತ್ತಾರೆ. ತೊಂದರೆ ಇದ್ದಿದ್ದು ನನ್ನ ಲೈನಿನಲ್ಲಿ, ಅಂದರೆ ಗಾಳದ ದಾರದಲ್ಲಿ. ಅದು ತೇಲುವ ಜಾತಿಯದು. ಸೆಳವು ಲೈನನ್ನು ಎಳೆದರೆ ಸ್ಟ್ರೀಮರ್ ಕೂಡ ಮೇಲೆದ್ದು ಬರುತ್ತಿತ್ತು. ಮೀನು ತಳದಲ್ಲಿ, ನನ್ನ ಪುಕ್ಕ ಅದರ ನೆತ್ತಿಯ ಮೇಲೆ.

ಕೊನೆಗೆ ಮುಳುಗುವ ಲೀಡರ್ ತರಿಸಿದೆ. ಲೈನಿನ ತುದಿಗೆ ಕುಣಿಕೆಯಿಂದ ಸಿಕ್ಕಿಸುವ ಭಾರದ ಎಳೆ ಅದು. ಲೈನು ತೇಲುತ್ತಲೇ ಇರುತ್ತದೆ, ಲೀಡರ್ ಮಾತ್ರ ಸ್ಟ್ರೀಮರನ್ನು ತಳಕ್ಕೆ ಎಳೆದೊಯ್ಯುತ್ತದೆ.

ಭಾನುವಾರ ಬೆಳಿಗ್ಗೆ ಅದನ್ನು ಕಟ್ಟಿಕೊಂಡು ಎರಡು ಸಲ ಬೀಸುವಷ್ಟರಲ್ಲಿ ದಡದ ತೆಂಗಿನ ತೋಟದಿಂದ ಯಜಮಾನರೊಬ್ಬರು ಬಂದರು. ಬಿಳಿ ಪಂಚೆ, ನಗುಮುಖ.

“ಏನ್ ಸಾ, ಇದ್ಯಾವ ಗಾಳ? ಎರೆಹುಳನೂ ಕಾಣೆ, ಸೀಸದ ಗುಂಡೂ ಕಾಣೆ!”

“ಲೈನು ತೇಲ್ತದೆ ಸಾ, ತುದೀದು ಮುಳುಗ್ತದೆ,” ಎಂದೆ.

“ಎಲ್ಲಿ, ಕೊಡಿ ಇತ್ಲಾಗೆ, ನೋಡವ.”

ಕೊಟ್ಟೆ. ಕೋಲನ್ನು ಮಗುವಿನ ಹಾಗೆ ಹಿಡಿದುಕೊಂಡು, ಲೀಡರನ್ನು ಬೆರಳಲ್ಲಿ ಉಜ್ಜಿ ನೋಡಿದರು. ತೋಟದ ಮನೆಯಲ್ಲಿ ಕಾಫಿ ಕುಡಿದು ಹೋಗಬೇಕೆಂದು ಒತ್ತಾಯ ಮಾಡಿದರು. ಆಮೇಲೆ ಊರು ಕೇಳಿದರು. ಹೇಳಿದೆ.

“ಓ, ನಮ್ ಬೀಗ್ರು ಅಲ್ಲೇ ಅವ್ರೆ. ಯಾರ್ ಮಗ ನೀವು? ಯಾವ ಬೀದಿ?”

ಅಪ್ಪನ ಹೆಸರು ಹೇಳಿದೆ. ಬೀದಿಯನ್ನೂ ಹೇಳಿದೆ. ಮುಚ್ಚಿಡುವಂಥದ್ದು ಅದರಲ್ಲೇನಿದೆ?

ಆತನ ಮುಖದ ನಗು ಹೋಯಿತು. ನಾನು ಕೋಲಿಗೆ ಕೈ ಚಾಚಿದೆ. ಆತ ನನ್ನ ಕೈಗೆ ಕೊಡಲಿಲ್ಲ. ಬಗ್ಗಿ ಮರಳಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು, ಅಂಗೈಯನ್ನು ಪಂಚೆಗೆ ಒರೆಸಿಕೊಂಡ.

“ತಗಳ್ಲಾ. ಇದು ನಮ್ ಜಾಗ. ಇಲ್ಲೆಲ್ಲ ಬರ್ಬ್ಯಾಡ.”

ಕೋಲನ್ನು ಅಲ್ಲೇ ಬಿಟ್ಟು ಕೇಳಿದೆ: “ಈಗ್ತಾನೆ ‘ಸಾ’ ಅಂತಿದ್ರಿ. ಅಪ್ಪನ ಎಸ್ರು ಕೇಳಿದ್ ಮ್ಯಾಲೆ ‘ಲಾ’ ಆಗೋಯ್ತಾ?”

“ಬಾಯಿ ಜಾಸ್ತಿ ಆಯ್ತು ನಿಂದು.”

“ಜಾಗ ನಿಮ್ದು. ಒಳೆ ನಿಮ್ದಲ್ಲ.”

ಬಗ್ಗಿ ಕೋಲು ಎತ್ತಿಕೊಂಡೆ. ಲೈನು ಸುತ್ತುವ ರೀಲಿನೊಳಗೆ ಮರಳು ಹೊಕ್ಕು ಕರಕರ ಎನ್ನುತ್ತಿತ್ತು. ನೀರಲ್ಲಿ ಜಾಲಿಸಿ, ಮೊಣಕಾಲುದ್ದ ನೀರಿಗಿಳಿದು ಬೀಸಿದೆ. ಮುಳುಗುವ ಲೀಡರಿಗೆ ಸಿಟ್ಟು ಆಗಿ ಬರುವುದಿಲ್ಲ. ಭಾರ ಇರುವುದರಿಂದ ನಿಧಾನಕ್ಕೆ, ಅಗಲವಾಗಿ ಬೀಸಬೇಕು. ನಾನು ಚಾಟಿಯಂತೆ ಬೀಸಿದ್ದಕ್ಕೆ ಅದು ಬಂದು ನನ್ನ ಕತ್ತಿಗೇ ಹೊಡೆಯಿತು. ಹಿಂದೆ ಆತ ನಕ್ಕಿದ್ದು ಕೇಳಿಸಿತು.

ಹಲ್ಲು ಕಚ್ಚಿ ಮತ್ತೆ ಬೀಸಿದೆ, ಈ ಸಲ ನಿಧಾನಕ್ಕೆ. ಸೆಳವಿನ ಮೇಲ್ಬದಿಗೆ ಹಾಕಿ, ತೇಲುವ ಲೈನನ್ನು ಕೋಲಿನ ತುದಿಯಿಂದ ಎತ್ತಿ ಸೆಳವಿನ ಎದುರಿಗೆ ಬಾಗಿಸಿ, ಸ್ಟ್ರೀಮರ್ ತಳ ಮುಟ್ಟಲಿ ಎಂದು ಕಾದೆ. ಆಮೇಲೆ ಗೇಣು ಗೇಣಾಗಿ ಎಳೆದೆ. ಯಾರೋ ಬಟ್ಟೆ ಹಿಡಿದು ಜಗ್ಗಿದ ಹಾಗಾಯಿತು. ಬಾಳೆಮೀನು! ಅದು ಮಡುವಿನುದ್ದಕ್ಕೂ ಓಡಿತು, ಲೈನು ನನ್ನ ಬೆರಳು ಕುಯ್ದಿತು. ಆತ ಬೈಯುವುದನ್ನೂ ಮರೆತು ದಡದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ. ದಡಕ್ಕೆಳೆದ ಮೀನನ್ನು ಹೆಗಲಿಗೆ ಹಾಕಿಕೊಂಡು ಆತನ ಮುಂದೆಯೇ ನಡೆದು ಬಂದೆ. ಖುಷಿಯಾಗಬೇಕಿತ್ತು. ಆಗಲಿಲ್ಲ. ದಾರಿಯುದ್ದಕ್ಕೂ ಹೆಲ್ಮೆಟಿನೊಳಗೆ ಬೈದುಕೊಂಡೇ ಬಂದೆ.

ಹೆಂಡತಿ ಮೀನು ಹಸನು ಮಾಡುತ್ತ ಎಲ್ಲ ಕೇಳಿಸಿಕೊಂಡಳು. “ನೀವ್ ಯಾಕ್ರೀ ಬಗ್ಗಿ ಎತ್ಕೊಂಡ್ರಿ? ನಾನಿದ್ದಿದ್ರೆ ಅವನ ಕೈಲೇ ಎತ್ತಿಸ್ತಿದ್ದೆ,” ಎಂದಳು.

ವಾರ ಕಳೆದ ಮೇಲೆ ಅಪ್ಪನ ಫೋನು ಬಂತು.

“ಆ ತ್ವಾಟದ ಯಜಮಾನ್ರು ಬೀಗ್ರ ಕೈಲಿ ಏಳ್ಕಳ್ಸವ್ರೆ ಕಣ್ಲಾ. ಆ ಮುಳುಗೋ ದಾರ ಬೇಕಂತೆ. ಒಂದ್ ಕೊಟ್ಬುಡು ಮಗ.”

“ನನ್ ಕೈ ಮುಟ್ಟಕ್ಕಾಗಲ್ಲ, ನನ್ ದಾರ ಬೇಕಾ ಅವ್ನಿಗೆ? ಕೊಡಲ್ಲ.”

“ನೀನು ಆಸನದಾಗಿದ್ದೀಯ. ಅವ್ರ ಬೀಗ್ರ ಮುಂದೆ ದಿನಾ ಓಡಾಡೋರು ನಾವು.”

“ಎಷ್ಟ್ ವರ್ಸ ಇಂಗೇ ತಲೆ ಬಗ್ಗಿಸ್ಕೊಂಡ್ ಓಡಾಡ್ತೀಯಪ್ಪ?” ಎಂದು ಕಿರುಚಿದೆ. ಅಪ್ಪ ಫೋನಿಟ್ಟ. ಕಿರುಚಬೇಕಾಗಿದ್ದುದು ಅವನ ಮೇಲಲ್ಲ ಎಂದು ಗೊತ್ತಿದ್ದೂ ಕಿರುಚಿದ್ದೆ. ಅದಕ್ಕೂ ಆ ಯಜಮಾನನ ಮೇಲೆಯೇ ಸಿಟ್ಟು ಬಂತು. ಲೀಡರ್ ಮಾತ್ರ ಕೊಡಲಿಲ್ಲ.

ಅಪ್ಪ ಬಹಳ ದಿನ ಫೋನು ಮಾಡಲಿಲ್ಲ. ಆಮೇಲೆ ಕಣ್ಣು ತೋರಿಸಲು ಹಾಸನಕ್ಕೆ ಬಂದವನು ಊಟ ಮಾಡುತ್ತ ಕೇಳಿದ:

“ಆ ಮಡುವಿನ್ ತಾವ್ಕೆ ಇನ್ನೂ ಓಯ್ತೀಯಾ?”

“ಓಯ್ತೀನಿ.”

ಅಪ್ಪ ಅನ್ನ ಕಲಸಿದ. “ಓಗು. ಒಬ್ನೇ ಓಗ್ಬ್ಯಾಡ,” ಎಂದ.

ಮುಂದಿನ ಭಾನುವಾರ ಹೆಂಡತಿ ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.