ಗೋಣಿಚೀಲದ ಕೆಳಗಿನ ವಾಟಿ

ಹೋದ ಶುಕ್ರವಾರ ಸಂಜೆ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಪರೀಕ್ಷೆ ನಡೆಯಿತು. ಪರೀಕ್ಷೆಗೆ ಕುಳಿತವಳ ವಯಸ್ಸು ಹತ್ತು ತಿಂಗಳು. ಹಲ್ಲು ಎರಡು. ಫೇಲಾದಳು.

ಪರೀಕ್ಷೆ ಹೀಗಿತ್ತು. ನನ್ನ ಸೊಸೆ ಶ್ರುತಿ ಒಂದು ಹಳದಿ ಪ್ಲಾಸ್ಟಿಕ್ ಬಾತುಕೋಳಿಯನ್ನು ಮಗಳು ಮಾಧುವಿನ ಮುಂದೆ ಇಟ್ಟಳು. ಒತ್ತಿದರೆ ಕೀಂ ಎನ್ನುವ ಬಾತುಕೋಳಿ. ಮಾಧು ಕೈ ಚಾಚಿದಳು. ಅಷ್ಟರಲ್ಲಿ ಶ್ರುತಿ ಅದರ ಮೇಲೆ ಟವೆಲ್ ಮುಚ್ಚಿದಳು. ಈಗ ಮಗು ಟವೆಲ್ ಎಳೆದು ಬಾತುಕೋಳಿಯನ್ನು ಹುಡುಕಬೇಕು. ಕಣ್ಣಿಗೆ ಕಾಣದಿದ್ದರೂ ವಸ್ತು ಅಲ್ಲೇ ಇದೆ ಎಂಬುದು ಈ ವಯಸ್ಸಿಗೆ ತಿಳಿದಿರಬೇಕಂತೆ. ಶ್ರುತಿಯ ಫೋನಿನಲ್ಲಿರುವ ಆ್ಯಪ್ ಹಾಗೆ ಹೇಳುತ್ತದೆ.

ಮಾಧು ಟವೆಲ್ ಕಡೆ ನೋಡಲೂ ಇಲ್ಲ. ತಿರುಗಿ ನನ್ನ ಮುಖ ನೋಡಿದಳು.

ನಾನು ಸುಮ್ಮನಿರುವವಳೇ? ಟವೆಲ್ ಎತ್ತಿ, "ಇಲ್ಲೇ ಅದ ನೋಡವ್ವಾ ನಿನ್ನ ಬಾತುಕೋಳಿ" ಅಂದೆ. ಮಗು ನಕ್ಕಿತು. ಅದರ ತಾಯಿ ನಗಲಿಲ್ಲ.

"ಅತ್ಯಾ, ನೀವು ಜರಾ ಸುಮ್ನ ಕೂಡ್ರಿ. ಅಕಿ ತಾನ ಹುಡುಕ್ಬೇಕು."

ಮತ್ತೆ ಮುಚ್ಚಿದಳು. ಮಾಧು ಮತ್ತೆ ನನ್ನ ಮುಖ ನೋಡಿದಳು. ಮೂರನೇ ಸಲವೂ ಅದೇ. ಶ್ರುತಿ ಫೋನ್ ತೆಗೆದಳು. 'ಅಡಗಿಸಿಟ್ಟ ವಸ್ತುವನ್ನು ಹುಡುಕುತ್ತದೆ' ಎಂಬ ಸಾಲಿನ ಮುಂದೆ ಪುಟ್ಟ ಚೌಕ ಇತ್ತು. ಅದು ಖಾಲಿಯೇ ಉಳಿಯಿತು.

ನಿಮಗೆ ಒಂದು ವಿಷಯ ಹೇಳಬೇಕು. ಶ್ರುತಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ವಸ್ತು ಯಾಕೆ ಬೀಳುತ್ತದೆ, ಯಾಕೆ ಉರುಳುತ್ತದೆ ಎಂದು ಕಲಬುರಗಿಯ ಇಡೀ ಖೂಬಾ ಪ್ಲಾಟ್ ಬಡಾವಣೆಯ ಮಕ್ಕಳಿಗೆ ಕಲಿಸುವಾಕೆ. ಅಂಥವಳ ಮಗಳಿಗೇ ವಸ್ತು ಎಂದರೇನೆಂದು ತಿಳಿಯುವುದಿಲ್ಲ ಎಂದರೆ?

"ಅಕಿಗೆ ಬಾತುಕೋಳಿ ಸೇರಂಗಿಲ್ಲ" ಎಂದೆ ನಾನು, ಬಹಳ ಖಾತ್ರಿಯಿಂದ. (ನನಗೆ ಖಾತ್ರಿಯಿಲ್ಲದ ವಿಷಯ ಬಹಳ ಕಡಿಮೆ.)

"ಬಾತುಕೋಳಿದ್ದಲ್ಲ ಅತ್ಯಾ. ತಪ್ಪು ನಂದು. ನಾಲ್ಕು ತಿಂಗಳಿಂದ ಮುಂಜಾನಿ ಹೋಗಿ ಸಂಜಿಕ ಬರ್ತೀನಿ. ಕೂಸಿನ ಜೋಡಿ ಆಡೋದ್ಯಾವಾಗ, ಅದಕ್ಕ ಕಲಿಸೋದ್ಯಾವಾಗ?" ಎಂದಳು ಶ್ರುತಿ. ನಂತರ ಫೋನನ್ನು ನನ್ನತ್ತ ತಿರುಗಿಸಿದಳು. ಅದರಲ್ಲಿ ಪ್ರಿನ್ಸಿಪಾಲರಿಗೆ ಬರೆದ ರಾಜೀನಾಮೆ ಪತ್ರ ಇತ್ತು. "ಸೋಮವಾರ ಕೊಡ್ತೀನಿ. ಮಂಗಳವಾರ ಡಾಕ್ಟರ್ ಅಪಾಯಿಂಟ್‌ಮೆಂಟ್ ತೊಗೊಂಡೀನಿ."

ಆ ಕೆಲಸಕ್ಕಾಗಿ ಅವಳು ಎಷ್ಟು ಓದಿದ್ದಾಳೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ಎಂಟು ತಿಂಗಳ ಬಸುರಿ ಹೊಟ್ಟೆಯ ಮೇಲೆ ಪುಸ್ತಕ ಆನಿಸಿಕೊಂಡು ಪರೀಕ್ಷೆಗೆ ತಯಾರಿ ಮಾಡಿದವಳು.

ನನ್ನ ಮೊಮ್ಮಗಳು ದಡ್ಡಿಯಲ್ಲ ಎಂಬುದಕ್ಕೆ ನನ್ನ ಬಳಿ ಬೇಕಾದಷ್ಟು ಸಾಕ್ಷಿ ಇದೆ. ಚಾದರದ ಮೇಲಿನ ಹೂವನ್ನು ಎರಡು ಬೆರಳಲ್ಲಿ ಕೀಳಲು ನೋಡುತ್ತಾಳೆ. ಬರುವುದಿಲ್ಲ. ಉಗುರಿನಿಂದ ಕೆರೆಯುತ್ತಾಳೆ. ಆಗಲೂ ಬರುವುದಿಲ್ಲ. ಕೊನೆಗೆ ನೆಕ್ಕಿ ನೋಡಿ ಬಿಟ್ಟುಬಿಡುತ್ತಾಳೆ. ಕನ್ನಡಿಯಲ್ಲಿ ಇನ್ನೊಂದು ಕೂಸು ಕಂಡರೆ ಅದರ ಹಿಂದೆ ಕೈ ಹಾಕಿ ತಡಕುತ್ತಾಳೆ. ಸ್ಟೀಲ್ ಚಮಚ ಕೊಟ್ಟರೆ ಒಮ್ಮೆ ಫರಸಿ ನೆಲಕ್ಕೆ ಬಡಿಯುತ್ತಾಳೆ, ಒಮ್ಮೆ ದಿಂಬಿಗೆ, ಒಮ್ಮೆ ನನ್ನ ಮೊಣಕಾಲಿಗೆ. ಮೂರೂ ಸಪ್ಪಳ ಕೇಳಿ ತಲೆ ವಾರೆ ಮಾಡಿ ಯೋಚಿಸುತ್ತಾಳೆ. (ಮೊಣಕಾಲಿನ ಸಪ್ಪಳದಲ್ಲಿ ನನ್ನ ದನಿಯೂ ಸೇರಿರುತ್ತದೆ.)

ನಾವು ದೊಡ್ಡವರು ಇದಕ್ಕೆಲ್ಲ 'ಚೇಷ್ಟೆ' ಎಂದು ಹೆಸರಿಟ್ಟಿದ್ದೇವೆ. ಇದೇ ಕೆಲಸವನ್ನು ಬಿಳಿ ಕೋಟು ಹಾಕಿಕೊಂಡವರು ಮಾಡಿದರೆ ಸಂಶೋಧನೆ, ಅಲ್ಲವೇ?

ಇಷ್ಟೆಲ್ಲ ತಿಳಿದ ಕೂಸು ಟವೆಲ್ ಯಾಕೆ ಎತ್ತಲಿಲ್ಲ? ಅದೊಂದು ಮಾತ್ರ ನನಗೆ ಬಗೆಹರಿಯಲಿಲ್ಲ.

ಭಾನುವಾರ ಕಮಲಾಪುರದಲ್ಲಿ ನನ್ನ ಅಣ್ಣನ ಮನೆಯಲ್ಲಿ ನಮ್ಮ ಅಪ್ಪನ ತಿಥಿ ಇತ್ತು. ನನ್ನ ಮಗ ಪ್ರಸನ್ನ ಆಫೀಸ್ ಕೆಲಸವೆಂದು ಮನೆಯಲ್ಲೇ ಉಳಿದ. ನಾನು, ಶ್ರುತಿ, ಮಾಧು ಹಿಂದಿನ ದಿನವೇ ಬಸ್ ಹತ್ತಿದೆವು. ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಕುಸುಮಾ, ನನ್ನ ಮೊಣಕಾಲು ಸಂಪು ಹೂಡ್ಯಾವ. ಈ ವರ್ಷ ಒಲಿ ಮುಂದ ನೀನ ನಿಲ್ಲಬೇಕು ನೋಡು."

ನಿಂತೆ. ತಿಥಿ ಅಡುಗೆ ಎಂದರೆ ಮಡಿ. ಬೆಳಿಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದ ಸೀರೆ ಉಟ್ಟು ಒಲೆಯ ಮುಂದೆ ನಿಂತರೆ, ಬ್ರಾಹ್ಮಣರು ಊಟ ಮಾಡಿ ಏಳುವವರೆಗೆ ಹೊರಗಿನ ಯಾವುದನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಸೀರೆ, ಮತ್ತೆ ಅಡುಗೆ. ಕಲಬುರಗಿಯ ಮನೆಯಲ್ಲಿ ಕೂಸು ಬಂದ ಮೇಲೆ ನಾನು ಮಡಿಯನ್ನು ಮೆಲ್ಲಗೆ ಬಿಟ್ಟುಬಿಟ್ಟಿದ್ದೆ. (ದೇವರು ಏನೂ ಅಂದಿಲ್ಲ. ಅಂದರೂ ಕೂಸಿನ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ.) ಆದರೆ ಅಣ್ಣನ ಮನೆಯಲ್ಲಿ ಹಾಗೆ ನಡೆಯುವುದಿಲ್ಲ.

ಹನ್ನೊಂದು ಗಂಟೆ ಇರಬೇಕು. ಊಟದ ಬಾಳೆಎಲೆ ಕಡಿಮೆ ಬಿದ್ದವೆಂದು ಶ್ರುತಿ ಅಣ್ಣನ ಜೊತೆ ತೋಟಕ್ಕೆ ಹೋಗಿದ್ದಳು. ನಾನು ವಡೆ ಕರಿಯುತ್ತಿದ್ದೆ. ಅಡುಗೆಮನೆಯ ಹೊಸ್ತಿಲಾಚೆ ಚಾಪೆಯ ಮೇಲೆ ಮಾಧು. ಪಕ್ಕದ ಕುರ್ಚಿಯಲ್ಲಿ ಕಾವಲಿಗೆ ವೈನಿ. ಮಾಧುವಿನ ಕೈಯಲ್ಲಿ ಒಂದು ಸ್ಟೀಲ್ ವಾಟಿ. ಮೊಸರು ಹಾಕಿಕೊಳ್ಳುತ್ತೇವಲ್ಲ, ಆ ಪುಟ್ಟ ಬಟ್ಟಲು.

ವಾಟಿ ಕೈಜಾರಿತು. ಗಾಲಿಯ ಹಾಗೆ ಉರುಳುತ್ತಾ ಹೋಗಿ ಗೋಡೆಯ ಬಳಿ ಗೋಣಿಚೀಲದ ಅಂಚಿನ ಕೆಳಗೆ ಸೇರಿಕೊಂಡಿತು. ಕೆಂಪು ಬಾಳೆಯ ಗೊನೆ ಹಣ್ಣಾಗಲೆಂದು ಹೊದಿಸಿದ್ದ ಗೋಣಿಚೀಲ ಅದು. ವಾಟಿ ಮಾಯ.

ಮಾಧು ನನ್ನ ಮುಖ ನೋಡಿದಳು.

ನನ್ನ ಕೈ ತಾನೇ ಮುಂದೆ ಬಂತು. ಹೊಸ್ತಿಲ ತನಕ ಹೋದವಳು ಅಲ್ಲೇ ನಿಂತೆ.

"ಮುಟ್ಟಬ್ಯಾಡ" ಎಂದರು ವೈನಿ. "ಹನ್ನೆರಡಕ್ಕ ಆಚಾರ್ರು ಬರ್ತಾರ."

"ನೀವರ ತಕ್ಕೊಡ್ರಿ ವೈನಿ."

"ನಾ ಬಗ್ಗಿದ್ರ ಎಬ್ಬಸ್ಲಿಕ್ಕೆ ನಾಲ್ಕು ಮಂದಿ ಬೇಕು. ಕರೀಲಿ ಏನು?"

(ಬಟ್ಟೆ ಬಿಚ್ಚಿದ ಕೂಸಿಗೆ ಮೈಲಿಗೆಯಿಲ್ಲ ಎಂಬ ರಿಯಾಯಿತಿ ನಮ್ಮ ಮನೆತನಗಳಲ್ಲಿ ಇದೆ. ಆದರೆ ಬಿಚ್ಚುವವರು ಯಾರು? ಮುಟ್ಟದೆ ಡೈಪರ್ ಬಿಚ್ಚುವ ವಿದ್ಯೆ ನಮ್ಮ ಹಿರಿಯರು ಕಲಿಸಿಲ್ಲ.)

ಮಾಧು ವೈನಿಯ ಮುಖ ನೋಡಿದಳು. ಮತ್ತೆ ನನ್ನ ಮುಖ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಮಾಧು ಕಣ್ಣೀರಿಲ್ಲದ ಒಂದು ಅಳು ತೆಗೆದಳು. ಸ್ಯಾಂಪಲ್ ಅಳು. ನಾವಿಬ್ಬರೂ ಕದಲದ್ದು ನೋಡಿ ಅದನ್ನು ಅರ್ಧಕ್ಕೇ ನಿಲ್ಲಿಸಿದಳು. ನನ್ನ ಬೆನ್ನ ಹಿಂದೆ ವಡೆ ಕೆಂಪಗಾಗುತ್ತಿತ್ತು. ನಾನು ತಿರುಗಲಿಲ್ಲ.

ಆಮೇಲೆ ಅವಳ ಕಣ್ಣು ಗೋಣಿಚೀಲದ ಕಡೆ ಹೋಯಿತು. ಅಲ್ಲೇ ನಿಂತಿತು.

ಅಂಬೆಗಾಲಿಟ್ಟು ಹೋದಳು. ಚೀಲವನ್ನು ಮೊದಲು ತಟ್ಟಿದಳು. ನಂತರ ಅಂಚನ್ನು ಬಾಯಿಗಿಟ್ಟು ಮುಖ ಕಿವುಚಿದಳು. ಆಮೇಲೆ ಎರಡೂ ಮುಷ್ಟಿಯಲ್ಲಿ ಹಿಡಿದು ಎಳೆದಳು. ಚೀಲ ಸರಿಯಿತು. ವಾಟಿ ಕಂಡಿತು.

ಅಷ್ಟಕ್ಕೇ ಮುಗಿಯಿತು ಎಂದುಕೊಂಡಿರಾ? ವಾಟಿ ತೆಗೆದುಕೊಂಡಳು, ನೋಡಿದಳು, ಮತ್ತೆ ತಾನೇ ಚೀಲದ ಕೆಳಗೆ ತುರುಕಿದಳು. ಮತ್ತೆ ಎಳೆದಳು. ಇದೆ. ಮತ್ತೆ ತುರುಕಿದಳು. ಮತ್ತೆ ಎಳೆದಳು. ಇದೆ. ಪ್ರತಿ ಸಲವೂ ಅಷ್ಟೇ ಆಶ್ಚರ್ಯ, ಅಷ್ಟೇ ನಗು. ಜಗತ್ತಿನ ಸಾಮಾನೆಲ್ಲ ಜಾಗದಲ್ಲೇ ಇದೆಯೋ ಇಲ್ಲವೋ ಎಂದು ತಪಾಸಣೆಗೆ ಬಂದ ಅಧಿಕಾರಿಯ ಹಾಗೆ.

"ಶ್ಯಾಣ್ಯಾಕಿ ಅದಾಳ" ಎಂದರು ವೈನಿ. ಆಮೇಲೆ ನನ್ನ ಕಡೆ ತಿರುಗಿದರು. "ಆದ್ರ ಕುಸುಮಾ, ಅಕಿ ಮೊದಲ ನಿನ್ನ ಮಾರಿ ಯಾಕ ನೋಡಿದ್ಲು? ಮನ್ಯಾಗ ನೀ ಏನು ಅಕಿ ಜವಾನಿಕಿ ಮಾಡ್ತಿ?"

ನಾನು ಒಲೆಯ ಕಡೆ ತಿರುಗಿದೆ. ವಡೆ ಸೀದಿತ್ತು.

ವೈನಿ ತಮಾಷೆಗೆ ಅಂದದ್ದು. ಆದರೆ ಅದು ನಿಜವಲ್ಲವೇ? ಚಮಚ ಬಿದ್ದರೆ ಎತ್ತಿ ಕೊಟ್ಟವಳು ನಾನು. ಚೆಂಡು ಸೋಫಾದ ಕೆಳಗೆ ಹೋದರೆ ಕೋಲು ಹಾಕಿ ಎಳೆದವಳು ನಾನು. ವಸ್ತು ಕಾಣೆಯಾಯಿತು ಎಂದು ಕೂಸಿಗೆ ಅನಿಸುವ ಮೊದಲೇ ಅದು ವಾಪಸ್ ಕೈಯಲ್ಲಿರುತ್ತಿತ್ತು. ಶುಕ್ರವಾರ ಬಾತುಕೋಳಿ ಎಲ್ಲಿ ಎಂಬ ಪ್ರಶ್ನೆಗೆ ಅವಳು ಕೊಟ್ಟ ಉತ್ತರ 'ಅಜ್ಜಿಯ ಹತ್ತಿರ'. ಅವಳ ಅನುಭವದ ಪ್ರಕಾರ ಅದು ಸರಿ ಉತ್ತರ. ಆ್ಯಪ್‌ಗೆ ಮಾತ್ರ ನಮ್ಮ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾಳೆಂಬುದು ಗೊತ್ತಿರಲಿಲ್ಲ.

ಸಂಜೆ ವಾಪಸ್ ಬಸ್ಸಿನಲ್ಲಿ ಮಾಧು ತಾಯಿಯ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಶ್ರುತಿ ಮತ್ತೆ ಆ ಪತ್ರವನ್ನು ತೆರೆದು ಓದುತ್ತಿದ್ದಳು.

ಸುಳ್ಳು ಹೇಳುವುದಿಲ್ಲ, ಸುಮ್ಮನಿದ್ದುಬಿಡೋಣ ಎಂದು ನನಗೆ ಅನಿಸಿತು. ಹೇಳಿದರೆ ಏನಾದೀತು? 'ಇವರ ಹತ್ತಿರ ಕೂಸು ಬಿಟ್ಟದ್ದೇ ತಪ್ಪಾಯಿತು' ಎಂದು ಮಾಧುವನ್ನು ಬೇಬಿ ಸಿಟ್ಟಿಂಗ್‌ಗೆ ಹಾಕಿದರೆ? ಕೂಸನ್ನು ನೋಡಿಕೊಂಡ ಈ ನಾಲ್ಕು ತಿಂಗಳು ನನ್ನ ಆಯುಷ್ಯದಲ್ಲೇ ಒಳ್ಳೆಯ ನಾಲ್ಕು ತಿಂಗಳು. ಬಸ್ ಎರಡು ಸ್ಟಾಪ್ ದಾಟಿತು. ಶ್ರುತಿ ಪತ್ರದಲ್ಲಿ ಸೋಮವಾರದ ತಾರೀಖು ಹಾಕಿದಳು.

"ಶ್ರುತಿ, ತಪ್ಪು ನಿಂದಲ್ಲ" ಎಂದೆ. "ನಂದು."

ವಾಟಿಯ ಕಥೆ ಪೂರ್ತಿ ಹೇಳಿದೆ. ನನ್ನ ನಾಲ್ಕು ತಿಂಗಳ ಸೇವೆಯ ಕಥೆಯನ್ನೂ ಹೇಳಿದೆ. ಅವಳು ಫೋನ್ ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದಳು.

"ಅಂದ್ರ ಅತ್ಯಾ," ಎಂದಳು, "ಅಕಿ ಪರೀಕ್ಷಾದಾಗ ನೀವು ಕಾಪಿ ಹೊಡಸ್ಲಿಕತ್ತಿದ್ರಿ."

"ಹೌದವಾ."

"ನಮ್ಮ ಕಾಲೇಜಿನ್ಯಾಗ ಆಗಿದ್ರ ಹೊರಗ ಹಾಕ್ತಿದ್ವಿ ನೋಡ್ರಿ."

ಅವಳ ತುಟಿಯ ಅಂಚಿನಲ್ಲಿ ನಗು ಇತ್ತು.

ಮನೆ ಮುಟ್ಟಿದ ಕೂಡಲೇ ಮರುಪರೀಕ್ಷೆ. ಈ ಸಲ ನನ್ನನ್ನು ಅಡುಗೆಮನೆಯೊಳಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದಳು. ನಾನು ಬಾಗಿಲಿಗೆ ಕಿವಿಯಿಟ್ಟು ನಿಂತೆ. ಏನೂ ಕೇಳಲಿಲ್ಲ. ಮತ್ತೂ ಏನೂ ಕೇಳಲಿಲ್ಲ. ಆಮೇಲೆ ಕೀಂ ಎಂದಿತು.

ಚಿಲಕ ತೆಗೆದಾಗ ಶ್ರುತಿಯ ಕಣ್ಣು ಒದ್ದೆಯಾಗಿತ್ತು. ಪತ್ರ ಅಳಿಸಿದಳೋ ಇಲ್ಲವೋ ನಾನು ಕೇಳಲಿಲ್ಲ. ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಟಿಫಿನ್ ಡಬ್ಬಿ ಹಿಡಿದು, ಎಂದಿನಂತೆ ತಡವಾಗಿ ಓಡಿದಳು. ಮಂಗಳವಾರ ಜೇವರ್ಗಿ ಕಾಲೋನಿಯ ಕ್ಲಿನಿಕ್‌ಗೂ ಹೋಗಿಬಂದೆವು. (ಹೋಗುವುದು ಬೇಡ ಎಂದು ನಾನು ಹೇಳಲಿಲ್ಲ. ಖಾತ್ರಿ ನನಗಿದ್ದರೂ ತಾಯಿಗೆ ಬೇಕಲ್ಲ.) ಡಾಕ್ಟರಮ್ಮ ಮಾಧುವನ್ನು ಆಡಿಸಿ, ನೋಡಿ, ಕೂಸು ಚೆನ್ನಾಗಿದೆ ಎಂದರು. ಅಷ್ಟರಲ್ಲಿ ಮಾಧು ಅವರ ಸ್ಟೆತಾಸ್ಕೋಪನ್ನು ನೆಕ್ಕಿ ಪರೀಕ್ಷಿಸಿ ಮುಗಿಸಿದ್ದಳು.

ಬೇಬಿ ಸಿಟ್ಟಿಂಗ್ ಮಾತು ಬರಲಿಲ್ಲ. ಒಂದು ಷರತ್ತು ಮಾತ್ರ ಬಂತು. ಏನೇ ಬೀಳಲಿ, ಏನೇ ಉರುಳಲಿ, ಮನಸ್ಸಿನಲ್ಲಿ ಇಪ್ಪತ್ತು ಎಣಿಸುವ ತನಕ ನಾನು ಕೈ ಮುಂದೆ ಮಾಡಬಾರದು.

ಇಪ್ಪತ್ತು ಎಂದರೆ ಎಷ್ಟು ಉದ್ದ ಎಂದು ನಿಮಗೆ ಗೊತ್ತೇ? ಫೋನಿನಲ್ಲಿ ಒಂದೇ ಬೆರಳಲ್ಲಿ ಈ ಅಂಕಣ ಟೈಪ್ ಮಾಡುವುದು ಅದಕ್ಕಿಂತ ಸುಲಭ. ಆದರೆ ಮಾಡುತ್ತಿದ್ದೇನೆ. ಹೆಚ್ಚಾಗಿ ಹದಿನಾಲ್ಕಕ್ಕೇ ಮಾಧು ತಾನೇ ಹುಡುಕಿ ತೆಗೆದಿರುತ್ತಾಳೆ. ನನ್ನ ಕಡೆ ನೋಡುತ್ತಾಳೆ ನಿಜ. ಈಗ ತೋರಿಸಲಿಕ್ಕೆ ನೋಡುತ್ತಾಳೆ.

ಇವತ್ತು ಬೆಳಿಗ್ಗೆ ಒಂಬತ್ತೂವರೆಗೆ ಇನ್ನೊಬ್ಬ ಪರೀಕ್ಷಾರ್ಥಿ ಬಂದ. ನನ್ನ ಮಗ ಪ್ರಸನ್ನ, ವಯಸ್ಸು ಮೂವತ್ತಾರು. ಬೈಕಿನ ಕೀಲಿ ಕಾಣುತ್ತಿಲ್ಲವಂತೆ. ಹಾಲ್ ನಡುವೆ ನಿಂತ. ಟೇಬಲ್ ನೋಡಲಿಲ್ಲ, ಜೇಬು ನೋಡಲಿಲ್ಲ. ತಿರುಗಿ ನನ್ನ ಮುಖ ನೋಡಿದ.

"ಅಮ್ಮಾ, ಕೀಲಿ?"

ನಾನು ಕೈ ಕಟ್ಟಿಕೊಂಡೆ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಶ್ರುತಿ ಅಲ್ಲೇ ನಿಂತಳು. ಇಪ್ಪತ್ತು ಎಣಿಸಿದೆ. ಐವತ್ತು ಎಣಿಸಿದೆ. ನೂರಕ್ಕೆ ಬಂದೆ.

ಕೀಲಿ ಫ್ರಿಜ್ಜಿನ ಮೇಲೆ, ಅವನ ಮೂಗಿನ ನೇರಕ್ಕೇ ಇತ್ತು. ಅವನು ಆಟೊ ಹಿಡಿದು ಆಫೀಸಿಗೆ ಹೋದ.