ಕುರ್ಚಿ ಮೇಲಿನ ಟವಲು

ಸ್ನೇಹಿತರೇ, ತಮಿಳುನಾಡಿನ ಎಡಪ್ಪಾಡಿ ಹತ್ತಿರದ ನಮ್ಮೂರ ಲೈಬ್ರರಿಗೆ ಓದುವವರೇ ಬರುವುದಿಲ್ಲವಂತೆ, ಮುಚ್ಚಿದರೂ ನಷ್ಟವಿಲ್ಲವಂತೆ. ಇವತ್ತಿನ ಪೇಪರಿನಲ್ಲಿ ಫೋಟೋ ಸಮೇತ ಬಂದಿದೆ. ಅದನ್ನು ನಾವು ಒಂಬತ್ತು ಜನ ಅದೇ ಲೈಬ್ರರಿಯಲ್ಲಿ ಕೂತು ಓದಿದೆವು. ಅನುದಾನ ಕಡಿತವಾದ ಮೇಲೆ ಅಲ್ಲಿಗೆ ಬರುವುದು ಅದೊಂದೇ ಪೇಪರು. ಯಾವುದೋ ದೊಡ್ಡ ಕಂಪನಿಯದು, ಪುಕ್ಕಟೆ ಹಾಕಿ ಹೋಗುತ್ತಾರೆ.

ಮಗ್ಗದ ಮಾದಣ್ಣ ತಮಿಳಿನಲ್ಲಿದ್ದುದನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದವರು ಫೋಟೋ ಮೇಲೆ ಬೆರಳಿಟ್ಟರು. ಖಾಲಿ ಕುರ್ಚಿಗಳು, ಒಂದರ ಮೇಲೆ ಹಸಿರಂಚಿನ ಟವಲು. ಕೆಳಗೆ, 'ಟವಲು ಒಣಗಿಸುವ ಜಾಗವಾದ ಲೈಬ್ರರಿ.'

"ಇದು ನನ್ ಟವಲು ಕಣ್ಲಾ. ಸೀಟು ಇಡಿಯಕ್ಕೆ ಆಕಿದ್ದೆ" ಎಂದರು. "ಮೊನ್ನೆ ಫೋಟೋದೋನು 'ಕೊಂಜಂ ವೆಳಿಯೆ ನಿಲ್ಲುಂಗ' ಅಂದ್ನಲ್ಲ. ಪಾಪ ಅಂತ ಎಲ್ರೂ ಎದ್ದು ಆಚೆ ಓಗಿ ನಿಂತ್ವಿ."

ನಮ್ಮನ್ನು ಹೊರಗೆ ನಿಲ್ಲಿಸಿ, ಒಳಗೆ ಯಾರೂ ಇಲ್ಲ ಎಂದು ಬರೆದಿದ್ದಾರೆ.

ಹನ್ನೊಂದಕ್ಕೆ ಟೀಗೆ ಹೊರಟ ಮಾದಣ್ಣ ಎಂದಿನಂತೆ ಕುರ್ಚಿಗೆ ಟವಲು ಹಾಕಲಿಲ್ಲ. ಹೆಗಲಿಗೇರಿಸಿಕೊಂಡು, ನನ್ನನ್ನು ಅಲ್ಲಿ ಕೂರಿಸಿದರು. "ನಾನು ಬರೋಗಂಟ ಯಾರು ಏಳು ಅಂದ್ರೂ ಏಳ್ಬೇಡ."

ಈ ಪೋಸ್ಟನ್ನು ಅದೇ ಕುರ್ಚಿಯಿಂದ ಬರೆಯುತ್ತಿದ್ದೇನೆ. ಸದ್ಯಕ್ಕೆ ಅವರ ಟವಲು ನಾನೇ.