ಮಿಸ್ ಇಲ್ಮಾ ಪುಸ್ತಕ ತೆರೆದದ್ದು

ಸೇಂಟ್ ವಿನ್ಸೆಂಟ್ ದ್ವೀಪದ ನಮ್ಮೂರ ಚರ್ಚಿನಲ್ಲಿ ಸುಗ್ಗಿ ಹಬ್ಬದ ಕೀರ್ತನೆಯನ್ನು ಮಿಸ್ ಇಲ್ಮಾ ಬಾಲಂಟೈನೇ ಹೇಳಬೇಕು. ಬೈಬಲನ್ನು ಮುಚ್ಚಿ ಎದೆಗವಚಿಕೊಂಡು, ಕಣ್ಣನ್ನೂ ಮುಚ್ಚಿ, ಒಂದು ಪದ ಆಚೀಚೆಯಾಗದಂತೆ ಹೇಳುತ್ತಿದ್ದಳು. ಪುಸ್ತಕ ನೋಡಿ ಹೇಳುವವರೆಂದರೆ ಅವಳಿಗೆ ತಾತ್ಸಾರ. "ನೋಡ್ಕೊಂಡು ಯಾರ್ ಬೇಕಾದ್ರೂ ಹೇಳ್ತಾರೆ. ಎದೇಲಿ ಇರ್ಬೇಕು, ಎದೇಲಿ!" ಎನ್ನುವಳು. ನಾವೂ ತಲೆಯಾಡಿಸುತ್ತಿದ್ದೆವು. ಮಗು ಪದ್ಯವನ್ನು ಬಾಯಿಪಾಠ ಒಪ್ಪಿಸಿದರೆ ಊರಿಗೆ ಊರೇ ಬೀಗುವ ಜನ ನಾವು. ಇಲ್ಮಾಗೆ ಅಕ್ಷರವೇ ಬರುವುದಿಲ್ಲವೆಂಬ ಅನುಮಾನ ಒಬ್ಬರಿಗೂ ಬಂದಿರಲಿಲ್ಲ. ಚಿಕ್ಕಂದಿನಲ್ಲೇ ಅವಳನ್ನು ಶಾಲೆ ಬಿಡಿಸಿ, ಆರೋರೂಟ್ ಗೆಡ್ಡೆ ತೊಳೆಯುವ ಕೆಲಸಕ್ಕೆ ಹಚ್ಚಿದ್ದರು. ಕಿವಿಯಲ್ಲಿ ಬಿದ್ದದ್ದಷ್ಟೇ ಅವಳ ವಿದ್ಯೆ.

ಈಗ ಅವಳು ಶಾಲೆಯ ಗೇಟಿನ ಬಳಿ ತಟ್ಟೆಯಿಟ್ಟುಕೊಂಡು ಕೊಬ್ಬರಿ ಮಿಠಾಯಿ, ಹುಣಸೆ ಉಂಡೆ ಮಾರುತ್ತಾಳೆ. ಮಗಳು ಟ್ರಿನಿಡಾಡಿನಲ್ಲಿ ದುಡಿಯುವುದರಿಂದ ಮೊಮ್ಮಗಳು ಕೆಜಾಯಾ ಇವಳ ಕೈಯಲ್ಲೇ ಬೆಳೆದವಳು. ಆ ಶಾಲೆಯಲ್ಲಿ ಸೋಮವಾರ ವಾರದ ಮನೆಪಾಠ ಕೊಡುತ್ತಾರೆ. ಓದಲು ಒಂದು ಕಥೆ, ಕಲಿಯಲು ಒಂದಷ್ಟು ಸ್ಪೆಲ್ಲಿಂಗು, ಬಿಟ್ಟ ಜಾಗ ತುಂಬಲು ವ್ಯಾಕರಣ. ಮನೆಯ ಹಿರಿಯರು ಕೇಳಿಸಿಕೊಂಡು ಶುಕ್ರವಾರ ಹಾಳೆ ವಾಪಸು ಕಳಿಸಬೇಕು. ಪಕ್ಕದ ಮನೆಯ ಹುಡುಗಿ ಕಥೆಯನ್ನು ಒಂದು ಸಲ ಓದಿ ಹೇಳಿದರೆ ಕೆಜಾಯಾಗೆ ಸಾಕು, ಅಜ್ಜಿಯ ಮುಂದೆ ಗಡಗಡ ಒಪ್ಪಿಸಿಬಿಡುವಳು. ಸ್ಪೆಲ್ಲಿಂಗನ್ನೂ ಹಾಡಿನ ಹಾಗೆ ಸಾಲಾಗಿ ಹೇಳುವಳು. ಇಲ್ಮಾ ಹಿಗ್ಗಿ ಹೀರೇಕಾಯಿಯಾಗಿ, "ಪುಸ್ತಕ ಮುಚ್ಚೇ, ಈಗ ಹೇಳು ನೋಡೋಣ" ಎನ್ನುವಳು. ಮುಚ್ಚಿಕೊಂಡು ಹೇಳಿದರೆ ಒಂದು ಹುಣಸೆ ಉಂಡೆ ಬಹುಮಾನ.

ಒಂದು ಮಧ್ಯಾಹ್ನ ಟೀಚರ್ ಲವರ್ನ್ ಗೇಟಿನವರೆಗೆ ನಡೆದು ಬಂದರು.

"ಮಿಸ್ ಇಲ್ಮಾ, ಬೇಜಾರ್ ಮಾಡ್ಕೋಬೇಡಿ. ಕೆಜಾಯಾಗೆ ಓದೋಕೇ ಬರಲ್ಲ."

"ಏನ್ ಟೀಚರ್ ತಮಾಷೆ? ಕಣ್ಮುಚ್ಕೊಂಡು ಹೇಳ್ತಾಳೆ!"

"ಅದೇ ತೊಂದ್ರೆ. ಕಣ್ಣು ಬಿಟ್ರೆ ಬರಲ್ಲ. ಸ್ಪೆಲ್ಲಿಂಗ್ ಕೆಳಗಿಂದ ಮೇಲಕ್ಕೆ ಕೇಳ್ದೆ, ಒಂದೂ ಇಲ್ಲ. ಹೊಸ ಕಥೆ ಕೊಟ್ರೆ ಹೋದ ವಾರದ್ದನ್ನೇ ಒದರಿದ್ಲು. ಟರ್ಮ್ ಮುಗಿಯೋ ಹೊತ್ತಿಗೆ ನನ್ ಮುಂದೆ ಹೊಸ ಪುಟ ಓದ್ಲಿಲ್ಲ ಅಂದ್ರೆ ಅದೇ ಕ್ಲಾಸಲ್ಲಿ ಕೂರಿಸ್ಬೇಕಾಗುತ್ತೆ."

ಇಲ್ಮಾಗೆ ನಾಚಿಕೆಯಿಂದ ಭೂಮಿಗಿಳಿದಂತಾಯಿತು. ಮಗುವನ್ನು ಗಿಳಿ ಮಾಡಿದವಳು ತಾನೇ. ಬಹುಮಾನ ಬೇರೆ ಕೊಟ್ಟು ಮಾಡಿದ್ದಳು.

ಸಂಜೆ ಹಲಸಿನಂಥ ಬ್ರೆಡ್‌ಫ್ರೂಟ್ ಸುಡುತ್ತಾ ಹೇಳಿದಳು, "ಇನ್ಮೇಲೆ ಪುಸ್ತಕ ಮುಚ್ಚೋ ಹಾಗಿಲ್ಲ. ನೋಡ್ಕೊಂಡೇ ಓದ್ಬೇಕು."

"ನೀನ್ ಮಾತ್ರ ಮುಚ್ಕೊಂಡ್ ಹೇಳ್ಬಹುದಾ ಅಜ್ಜಿ?"

ಇಲ್ಮಾ ಬೆಂಕಿಯನ್ನೇ ನೋಡಿದಳು. ಜನ್ಮದಲ್ಲಿ ಯಾರಿಗೂ ಹೇಳದ ಮಾತು ಬಾಯಿಗೆ ಬಂತು. "ನಂಗೂ ಓದೋಕೆ ಬರಲ್ಲ ಕಣೇ."

ಹುಡುಗಿ ಕಣ್ಣರಳಿಸಿದಳು. "ಹಂಗಾದ್ರೆ ನಿನ್ನೂ ಅದೇ ಕ್ಲಾಸಲ್ಲಿ ಕೂರಿಸ್ತಾರೆ!"

"ಕೂರಿಸ್ಲಿ ಬಿಡು. ಇಬ್ರೂ ಒಟ್ಟಿಗೆ ಪಾಸಾಗೋಣ."

"ಸುಗ್ಗೀಲಿ ನೀನ್ ಮೊದ್ಲು ನೋಡ್ಕೊಂಡ್ ಓದು. ಆಮೇಲೆ ನಾನು ಟೀಚರ್ ಮುಂದೆ ಓದ್ತೀನಿ."

"ಆಗ್ಲಿ" ಎಂದಳು ಇಲ್ಮಾ. ಅವಳು ಹಟಕ್ಕೆ ಬಿದ್ದರೆ ಬೆಟ್ಟ ಪಕ್ಕಕ್ಕೆ ಸರಿಯಬೇಕು, ಅದನ್ನು ನಾವೆಲ್ಲ ಬಲ್ಲೆವು.

ಸೋಮವಾರ ಟೀಚರ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಮನೆಪಾಠ ಎರಡು ಕೊಡಿ ಟೀಚರ್" ಎಂದಳು. ಅವರಿಗೆ ಅರ್ಥವಾಯಿತು. ಯಾಕೆಂದು ಕೇಳದೆ ಎರಡು ಕೊಟ್ಟರು. ಶಾಲೆ ಬಿಟ್ಟ ಮೇಲೆ ಬಾದಾಮಿ ಮರದ ಕೆಳಗೆ ಇಬ್ಬರನ್ನೂ ಕೂರಿಸಿಕೊಂಡು ಒಂದೊಂದೇ ಅಕ್ಷರದ ಉಲಿ ಹೇಳಿಕೊಟ್ಟರು. ಹುಡುಗಿಗೆ ಬೇಗ ಹತ್ತಿತು. ಅಜ್ಜಿಗೆ ಅದು ಕಬ್ಬಿಣದ ಕಡಲೆ. ಅದರಲ್ಲೂ ಕೀರ್ತನೆ ಓದಲು ಕೂತರೆ, ಗೊತ್ತಿದ್ದುದರಿಂದಲೇ ಕಷ್ಟ. ನಾಲಿಗೆ ಮುಂದೆ ಓಡುತ್ತಿತ್ತು, ಬೆರಳು ಹಿಂದೆ ಉಳಿಯುತ್ತಿತ್ತು.

"ಮೋಸ ಅಜ್ಜಿ! ಬೆರಳು ಇನ್ನೂ ಇಲ್ಲೇ ಇದೆ" ಎಂದು ಕೆಜಾಯಾ ಕೈಮೇಲೆ ಒಂದು ಬಿಡುವಳು. ಇಲ್ಮಾ ಗೊಣಗುತ್ತಾ ಮತ್ತೆ ಮೊದಲಿನಿಂದ ಶುರು ಮಾಡುವಳು.

ಸುಗ್ಗಿಯ ಭಾನುವಾರ ಬಂತು. ಗೆಣಸು, ಕಬ್ಬು, ಬಾಳೆಗೊನೆಗಳ ನಡುವೆ ಇಲ್ಮಾ ನಿಂತಳು. ಕನ್ನಡಕ ಹಾಕಿ, ಬೈಬಲ್ ತೆರೆದು, ಬೆರಳಿಟ್ಟಳು. ಒಂದು ಪದ ಬಂತು. ತಡೆದು ಇನ್ನೊಂದು. ಮೂರನೆಯದರಲ್ಲಿ ಎಡವಿ ಹಿಂದಕ್ಕೆ ಹೋದಳು. ಚರ್ಚಿನಲ್ಲಿ ಗುಸುಗುಸು ಎದ್ದಿತು.

"ಅಯ್ಯೋ ಪಾಪ, ಇಲ್ಮಾಗೆ ಅರಳುಮರಳು" ಎಂದಳು ಸಿಸ್ಟರ್ ಅಡೀನಾ; ಚರ್ಚಿನ ಹೆಂಗಸರನ್ನು ನಾವು ಸಿಸ್ಟರ್ ಎಂದೇ ಕರೆಯುವುದು. ಪಿಸುಮಾತೆಂದು ಅವಳೇ ಅಂದುಕೊಂಡಿರಬೇಕು, ಕೊನೆಯ ಬೆಂಚಿಗೂ ಕೇಳಿಸಿತು.

ಇಲ್ಮಾಗೂ ಕೇಳಿಸಿತು, ಮೈಯೆಲ್ಲ ಉರಿಯಿತು. ಪುಸ್ತಕ ಮುಚ್ಚಿ ಒಂದೇ ಉಸಿರಿಗೆ ಸುರಿದುಬಿಟ್ಟರೆ ಇವರೆಲ್ಲರ ಬಾಯಿ ಮುಚ್ಚುತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು ಅಷ್ಟೂ. ಮುಂದಿನ ಬೆಂಚಿನಲ್ಲಿ ಕೆಜಾಯಾ ತನ್ನ ತೋರುಬೆರಳನ್ನು ಎತ್ತಿ ಹಿಡಿದು ಕೂತಿದ್ದಳು. ಇಲ್ಮಾ ನಾಲಿಗೆ ಕಚ್ಚಿಕೊಂಡು ಬೆರಳಿದ್ದ ಕಡೆಗೇ ಮರಳಿದಳು. ಎಡವುತ್ತಲೇ ಕೊನೆಯ ಪದದವರೆಗೆ ಓದಿ, ಬೆವೆತು ನೀರಾಗಿ ಕೂತಳು.

ಆ ವಾರದ ಶುಕ್ರವಾರ ಟೀಚರ್ ಲವರ್ನ್ ಕೆಜಾಯಾಳ ಮುಂದೆ ಅವಳು ಕಂಡು ಕೇಳದ ಪುಟ ಇಟ್ಟರು. ಇಲ್ಮಾ ತಟ್ಟೆಯನ್ನು ಗೇಟಿನಿಂದೆತ್ತಿ ತರಗತಿಯ ಕಿಟಕಿಯ ಕೆಳಗೆ ತಂದಿಟ್ಟಿದ್ದಳು. ಒಳಗಿನಿಂದ ಒಂದು ಪದ ಕೇಳಿಸಿತು. ಅರ್ಧ ಪದ, ನಿಂತಿತು, ಮತ್ತೆ ಅದೇ ಪದ ಪೂರ್ತಿ. ಇಲ್ಮಾಳ ಕಣ್ಣು ತುಂಬಿ ಬಂತು.

ದಾರಿಯಲ್ಲಿ ಹೋಗುತ್ತಿದ್ದ ಸಿಸ್ಟರ್ ಅಡೀನಾ ನಿಂತು ಕಿವಿಗೊಟ್ಟಳು. "ಏನೇ ಇಲ್ಮಾ ಇದು! ಮೊದ್ಲು ಪಟಪಟ ಅಂತಿದ್ಲು ನಿನ್ ಮೊಮ್ಮಗಳು. ಈಗ ನಿನ್ ಥರಾನೇ ತಡವರಿಸ್ತಾಳಲ್ಲ?"

"ಷ್, ಸುಮ್ನಿರೇ" ಎಂದಳು ಇಲ್ಮಾ ಕಣ್ಣೊರೆಸಿಕೊಂಡು. "ಮಗು ಓದ್ತಾ ಇದೆ."